ದೇವರ ಬಲ, ನಮ್ಮ ಬಲ

ಅಂದು ಗುರುಪಾದ ಊರೆದುರೇ ದೇವರಿಗೆ ಹೂ ಹಚ್ಚಬೇಕಿತ್ತು.

ನಿಂಬರ್ಗಾದಿಂದ ಒಳಕ್ಕಿರುವ ಆ ಹಳ್ಳಿಯ ವೀರಭದ್ರನಿಗೆ ಅಪ್ಪ ಸತ್ತಾಗಿನಿಂದ ಅವನೇ ಪೂಜಾರಿ. ಶಾಲೆ ಬಿಟ್ಟದ್ದೂ ಆ ವರ್ಷವೇ. ಮದುವೆಯಿರಲಿ, ಹೊಲದ ಜಗಳವಿರಲಿ, ಊರು ದೇವರನ್ನು ಹೂ ಕೇಳುತ್ತಿತ್ತು. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಹಚ್ಚಬೇಕು. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಕತ್ತಲೆಯ ಗರ್ಭಗುಡಿಯಿಂದ ಗುರುಪಾದ ಹೊರಬಂದು ಹೇಳಿದ್ದೇ ಮಾತು. ಈ ವರ್ಷ ಗುಡಿ ಕಮಿಟಿಯವರು ಒಳಗೆ ದೊಡ್ಡ ಲೈಟು ಹಾಕಿಸಿದ್ದರು. ಹೂ ಬೀಳುವುದನ್ನು ಈಗ ಊರೇ ನೋಡಬಹುದಿತ್ತು.

ಅಂದು ಕೇಳಬೇಕಾದದ್ದು ದೇವರದೇ ಸೊತ್ತಿನ ಮಾತು. ಹರಕೆಗೆ ಬಂದ ಬೆಳ್ಳಿ ಕಣ್ಣು, ಬೆಳ್ಳಿ ತೊಟ್ಟಿಲು ಪೆಟ್ಟಿಗೆ ತುಂಬಿದ್ದವು. ಕರಗಿಸಿ ಗರ್ಭಗುಡಿಗೆ ಬೆಳ್ಳಿ ಬಾಗಿಲು ಮಾಡಿಸೋಣ ಎಂದು ಅಧ್ಯಕ್ಷ, ತೊಗರಿ ವ್ಯಾಪಾರಿ ಅರುಣಕುಮಾರ. ಮಾರಿ ಊರಿಗೊಂದು ಅಂಬುಲೆನ್ಸ್ ತರೋಣ ಎಂದು ಕೂಲಿ ಜನರ ಕಲ್ಲಿನಾಥ. ಗುರುಪಾದನ ಸೊಸೆ ಭುವನೇಶ್ವರಿಗೆ ದಿನ ತುಂಬಿದ್ದವು. ಹೋದ ಸಲ ಆಳಂದದ ಆಸ್ಪತ್ರೆಗೆ ಹೊತ್ತಿಗೆ ಗಾಡಿ ಸಿಗದೆ ದಾರಿಯಲ್ಲೇ ಕೂಸು ಹೋಗಿತ್ತು. ಮಕ್ಕಳಾದವೆಂದು ಕೊಟ್ಟ ತೊಟ್ಟಿಲು ಬಾಗಿಲಾಗಬೇಕಂತೆ! ಯಾವ ದೇವರು ಬೇಡಿದ್ದ ಅದನ್ನು?

"ಗಾಡಿ ತರೂಣೇನಪ್ಪಾ, ನನ್ನಪ್ಪಾ?" ಕಲ್ಲಿನಾಥ ಕೈ ಮುಗಿದು ಕೇಳಿದ.

ಬಹಳ ಹೊತ್ತು ಯಾವ ಹೂವೂ ಅಲ್ಲಾಡಲಿಲ್ಲ. ಆಮೇಲೆ ಒಂದು ಜಾರಿ ಬಿತ್ತು.

"ಬಲಕ್ಕ ಬಿತ್ತು! ಬಲಕ್ಕ!" ಕಲ್ಲಿನಾಥ ಕುಣಿದ.

"ಯಾರ ಬಲಾನೋ ಲೇ?" ಎಂದ ಅರುಣಕುಮಾರ. "ನಿನ್ನ ಬಲ ಅದು. ದೇವರಿಗಿ ಎಡ."

"ಕೇಳಿದವರು ನಾವರಿ. ನಮ್ಮ ಬಲಾನೇ ಬಲ!"

"ಹಂಗಾದ್ರ ನೀನೇ ಒಳಗ ಹೋಗಿ ನಿಂದ್ರು, ನಿನಗೇ ಕಾಯಿ ಒಡಿತೇವಿ! ಪೂಜಾರ್ರ, ನೀವೇ ಹೇಳ್ರಿ."

ದೇವರ ಬಲವೇ ಬಲ ಎಂದು ಅಪ್ಪ ಕಲಿಸಿದ್ದ. ಒಂದು ಸುಳ್ಳಾಡಿದರೆ ಊರಿಗೆ ಗಾಡಿ ಬರುತ್ತದೆ. ಆದರೆ ಇದೇ ಎಡವನ್ನು ನಂಬಿ ಎಷ್ಟು ಹುಡುಗಿಯರ ಮದುವೆ ಮುರಿದಿದ್ದವು, ಎಷ್ಟು ಹೊಲ ಕೈಬಿಟ್ಟಿದ್ದವು! ತನ್ನ ಮನೆಗೆ ಬಂದಾಗ ಬಲ ತಿರುಗಿಸಬಹುದೇ?

"ದೇವರ ಎಡ," ಎಂದ.

"ಥೂ ನಿನ್ನ!" ಎಂದ ಕಲ್ಲಿನಾಥ. "ಮನ್ಯಾಗ ಬಸುರಿ ಕುಂತಾಳ, ನಿನಗ ಎಡ ಬಲದ ಚಿಂತಿ!"

ಗುರುಪಾದನ ತಲೆ ಕೆಟ್ಟಿತು. ಅಧ್ಯಕ್ಷನ ಕಡೆ ತಿರುಗಿದ. "ದೇವರು ಗಾಡಿ ಬ್ಯಾಡ ಅಂದಾನ, ಖರೆ. ಬಾಗಿಲಾ ಬೇಕು ಅಂದಾನೇನ್ರಿ? ಅದನ್ನ ಕೇಳೇ ಇಲ್ಲ. ಕೇಳ್ರಿ ಈಗ, ಹಚ್ತೇನಿ ಹೂ!"

ಅರುಣಕುಮಾರ ಮೂರ್ತಿಯ ಕಡೆ ನೋಡಿದ, ಜನರ ಕಡೆ ನೋಡಿದ. ಎಡದ್ದು ಬಿದ್ದರೆ? "ಮುಂದಿನ ಅಮಾಸಿಗಿ ನೋಡೂಣ್ರಿ," ಎಂದು ಚಪ್ಪಲಿ ಹುಡುಕಿದ. ಪೆಟ್ಟಿಗೆಗೆ ಬೀಗ ಬಿತ್ತು. ಹೆರಿಗೆ ಅಮಾವಾಸ್ಯೆ ಕಾಯುತ್ತದೆಯೇ?

ಗುರುಪಾದ ಮಡಿಯಲ್ಲೇ ಗೌಸಮೊಹಿದ್ದೀನನ ಮನೆಗೆ ನಡೆದ. ಊರಲ್ಲಿ ಗೂಡ್ಸ್ ಟೆಂಪೊ ಇದ್ದದ್ದು ಅವನ ಹತ್ತಿರ ಮಾತ್ರ.

"ಈ ವಾರ ಗಾಡಿ ಎಲ್ಲಿಗೂ ಒಯ್ಯಬ್ಯಾಡೋ ಗೌಸ. ಸೊಸಿದು..."

"ಒಯ್ಯಂಗಿಲ್ರಿ ಕಾಕಾ. ಖರೆ, ಬ್ಯಾಟ್ರಿ ಸತ್ತದ. ನಾಕು ಮಂದಿ ನೂಕಿದ್ರ ಚಾಲೂ ಆಗ್ತದ. ಮಂದಿಗಿ ಹೇಳಿ ಇಟ್ಟಿರ್ರಿ."

ಇಂದು ಊರಲ್ಲಿ ತನ್ನ ಮಾತಿಗೆ ನೂಕಲು ಬರುವವರು ಯಾರು? ಗುರುಪಾದ ಮೊದಲು ಕಲ್ಲಿನಾಥನ ಕದವನ್ನೇ ಬಡಿದ.