ತೂಕದ ಚೀಟಿಯ ಸಹಿ

ನಮ್ಮ ಕೌಂಟಿಯಲ್ಲಿ ಗೋಧಿ ಬೆಳೆದವರೆಲ್ಲ ವರ್ಲೀನ್ ವೋಲ್ಡೆನ್ ಅವರ ಸಹಿ ಕಂಡವರೇ. ಗೋದಾಮಿನ ವೇಬ್ರಿಜ್‌ನಲ್ಲಿ ಕೂತು ಮೂವತ್ತೆಂಟು ವರ್ಷ ಲಾರಿ ತೂಗಿದರು. ಪ್ರತಿ ಚೀಟಿಯ ಕೆಳಗೆ ಗಾಳಿಗೆ ಬಾಗಿದ ಪೈರಿನಂಥ ಸಹಿ. ಬರೆಯಲು ಬಾರದ ಆಳುಗಳು ಇಂಟು ಮಾರ್ಕು ಹಾಕಿದರೆ, ಪಕ್ಕದಲ್ಲಿ ಸಾಕ್ಷಿಯ ಸಹಿಯೂ ಅವರದೇ. ಅಪ್ಪನ ಜೊತೆ ಲಾರಿಯಲ್ಲಿ ಹೋಗುತ್ತಿದ್ದ ನನಗೆ ಅವರು ಪೆಪ್ಪರ್‌ಮಿಂಟ್ ಕೊಡುತ್ತಿದ್ದರು, ಮೂಗು ಒರೆಸಿಕೊಂಡರೆ ಮಾತ್ರ.

ಈಗ ನಾನು ಚುನಾವಣಾ ಕಚೇರಿಯಲ್ಲಿ ಅಂಚೆ ಮತಗಳ ಸಹಿ ತಾಳೆ ನೋಡುವವನು. ಲಕೋಟೆಯ ಮೇಲಿನ ಸಹಿ ಒಂದು ಕಡೆ, ದಾಖಲೆಯ ಹಳೆಯ ಸಹಿ ಇನ್ನೊಂದು ಕಡೆ. ಹೊಂದಿದರೆ ಮತ, ಇಲ್ಲದಿದ್ದರೆ ಮತದಾರನಿಗೊಂದು ಕಾಗದ. ಬರೆದವರು ನಮಗೆ ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ನೋಡಬೇಕು. ಇಂಥ ಕೆಲಸಕ್ಕೂ ಸಂಬಳ ಕೊಡುತ್ತಾರೆ.

ಕಳೆದ ವರ್ಷ ವಸಂತದಲ್ಲಿ ಮಿಸೆಸ್ ವೋಲ್ಡೆನ್‌ಗೆ ಪಾರ್ಶ್ವವಾಯು ಹೊಡೆಯಿತು. ಅರವತ್ತು ಮೈಲಿ ದೂರದ ಆಸ್ಪತ್ರೆಗೆ ಮುಟ್ಟಿಸಿ ಜೀವ ಉಳಿಸಿದ್ದು ಊರಿನ ಒಂದೇ ಒಂದು ಆಂಬುಲೆನ್ಸು. ನವೆಂಬರಿನ ಮತಪತ್ರದಲ್ಲಿ ಇದ್ದದ್ದೇ ಆ ಪ್ರಶ್ನೆ: ಆಂಬುಲೆನ್ಸ್ ಉಳಿಸಿಕೊಳ್ಳಲು ತೆರಿಗೆ ಕೊಡುತ್ತೀರೋ, ಇಲ್ಲವೋ? "ಆ ಗಾಡಿಗೆ ನನ್ನ ಓಟು ಬೀಳ್ಲೇಬೇಕು" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಅವರ ಲಕೋಟೆ ನನ್ನ ಮೇಜಿಗೇ ಬಂತು. ಸಹಿ ಅಲ್ಲ, ಕೋಳಿ ಕೆದಕಿದ ಗೀರು. ನನಗೂ ಒಪ್ಪಲಾಗಲಿಲ್ಲ, ಜೊತೆಗಾರ್ತಿ ಗ್ವೆಂಡಾಳೂ ಒಪ್ಪಲಿಲ್ಲ. ಮತ್ತೊಮ್ಮೆ ಸಹಿ ಮಾಡಿ ಕಳಿಸಿ ಎಂಬ ಕಾಗದ ಹೋಯಿತು.

ಆ ಭಾನುವಾರ ಸೂಪ್ ಕೊಡಲು ಅವರ ಮನೆಗೆ ಹೋದೆ. ಅಡುಗೆಮನೆಯ ಕಿಟಕಿ ಗಾಜಿಗೆ ಹಳೆಯ ತೂಕದ ಚೀಟಿಯೊಂದನ್ನು ಅಂಟಿಸಿದ್ದರು. ಯಾಕೆ ಎಂದು ಹೊಳೆಯಲಿಲ್ಲ, ನನ್ನ ಬುದ್ಧಿಗಿಷ್ಟು.

ಬುಧವಾರ ಕಾಗದ ವಾಪಸು ಬಂತು. ಸಹಿ ಹಳೆಯದರ ಅಚ್ಚು ಹಾಕಿದಂತಿತ್ತು. ಅದೇ ತಪ್ಪಾಯಿತು. ನಮ್ಮ ಮೇಲಧಿಕಾರಿ ಆರ್ಲಿಸ್ ಭೂತಗನ್ನಡಿ ಇಟ್ಟು ನೋಡಿದಳು.

"ತಡೆದು ತಡೆದು ಎಳೆದಿರೋ ಗೆರೆ ಇದು. ನಿಜವಾದ ಸಹಿ ಓಡುತ್ತೆ ಕಣೋ. ಯಾರೋ ಹಳೇ ಸಹಿ ಮೇಲೆ ಕಾಗದ ಇಟ್ಟು ತಿದ್ದಿದಾರೆ."

"ಅವರೇ ತಿದ್ದಿರೋದು! ಅವರದೇ ಚೀಟಿ, ಅವರದೇ ಸಹಿ. ಕಿಟಕಿಗೆ ಅಂಟಿಸಿದ್ದು ನಾನೇ ನೋಡಿದೀನಿ."

"ನಿನ್ನ ಕಣ್ಣು ಕಂಡಿದ್ದು ಬೇಡ. ಕಾಗದ ಏನು ಹೇಳುತ್ತೆ, ಅದನ್ನ ಹೇಳು."

ಕಾಗದ ಹೇಳಿದ್ದು ಅವಳು ಹೇಳಿದ್ದನ್ನೇ. ಕಳ್ಳಸಹಿ ಹಿಡಿಯಲು ನಾನು ಕಲಿತ ವಿದ್ಯೆಯೆಲ್ಲ ಆ ಮುದುಕಿಯ ಮೇಲೇ ತಿರುಗಿತು. ಆ ಸಹಿಯನ್ನೂ ತಳ್ಳಿಹಾಕಬೇಕಾಯಿತು.

ಗಡುವಿನ ಕೊನೆಯ ದಿನ ಇನ್ನೊಂದು ಅರ್ಜಿ ಹಿಡಿದು ಓಡಿದೆ. ಬರೆಯಲಾಗದವರು ಇಂಟು ಮಾರ್ಕು ಹಾಕಬಹುದು, ಇಬ್ಬರ ಸಾಕ್ಷಿ ಸಾಕು. ಪಕ್ಕದ ಮನೆಯ ಕ್ಲೈಡ್‌ನನ್ನೂ ಕರೆದುಕೊಂಡು ಹೋಗಿದ್ದೆ.

"ಇಂಟು ಮಾರ್ಕಾ?" ಅವರ ಬಾಯಿಯ ಒಂದು ಕೊನೆ ಮಾತ್ರ ಅಲುಗಿತು. "ನಾನಾ?"

"ಮಿಸೆಸ್ ವೋಲ್ಡೆನ್, ಐದು ಗಂಟೆಗೆ ಗಡುವು. ಎರಡು ಗೀಟು ಅಷ್ಟೇ."

"ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋ ಹಾಗೆ ಆಗೋಯ್ತು ನಿಂದು. ನನ್ನ ಪೆಪ್ಪರ್‌ಮಿಂಟ್ ತಿಂದು ಬೆಳೆದೋನು ನೀನು. ಕೊಡಿಲ್ಲಿ ಪೆನ್ನು, ನಾನು ಬರೀತೀನಿ."

ಬರೆದರು. ಮತ್ತೆ ಬರೆದರು. ಕ್ಲೈಡ್ ಟೋಪಿ ತಿರುಗಿಸುತ್ತ ನಿಂತಿದ್ದ. ಕೈ ಹಿಡಿದು ಬರೆಸುವಂತಿಲ್ಲ, ಬೇಡ ಎನ್ನುವ ಧೈರ್ಯವೂ ನನಗಿಲ್ಲ. ನಾಲ್ಕು ಮುಕ್ಕಾಲಾಯಿತು, ಐದಾಯಿತು. ಹಾಳೆಯ ತುಂಬ ಗೀರುಗಳು. ಅವರಿನ್ನೂ ಬರೆಯುತ್ತಲೇ ಇದ್ದರು.

ತೆರಿಗೆಯ ಪ್ರಸ್ತಾಪ ಒಂಬತ್ತು ಮತಗಳಿಂದ ಬಿದ್ದುಹೋಯಿತು. ಅವರದೊಂದು ಸೇರಿದ್ದರೂ ಬೀಳುತ್ತಿತ್ತು. ಈ ಲೆಕ್ಕ ನನಗೆ ಸಮಾಧಾನ ಕೊಡಲಿಲ್ಲ. ಹೊಸ ವರ್ಷಕ್ಕೆ ಆಂಬುಲೆನ್ಸು ಹೋಯಿತು.

ಜನವರಿಯಲ್ಲಿ ಅವರೇ ಫೋನ್ ಮಾಡಿ ಕರೆಸಿದರು. "ಆ ಇಂಟು ಮಾರ್ಕಿನ ಅರ್ಜಿ ತಂದಿದೀಯಾ? ಇನ್ಮೇಲೆ ದಾಖಲೇಲಿ ಅದೇ ಇರ್ಲಿ. ಮುಂದಿನ ಸಲ ಮತ್ತೆ ಕೇಳ್ತಾರಲ್ಲ ಗಾಡಿ ಬೇಕಾ ಅಂತ."

ಎರಡು ಗೀಟು ಎಳೆಯಲು ಬಹಳ ಹೊತ್ತು ಹಿಡಿಯಿತು. ಕ್ಲೈಡ್ ಸಾಕ್ಷಿ ಹಾಕಿದ. ಆಮೇಲೆ ನಾನು. ನನ್ನ ಪೆನ್ನು ಎಲ್ಲೂ ತಡೆಯದೆ ಓಡಿತು. ಅವರು ಕಾಗದ ಹತ್ತಿರಕ್ಕೆ ಎಳೆದುಕೊಂಡು ನನ್ನ ಸಹಿಯನ್ನು ನೋಡುತ್ತಾ ಕೂತರು.

"ಚೆನ್ನಾಗಿದೆ ಕಣೋ" ಎಂದರು. "ಇದನ್ನ ಯಾರೂ ವಾಪಸು ಕಳಿಸಲ್ಲ."