ಲಕ್ಕಯ್ಯನವರ ಹದಿಮೂರನೇ ಮನೆ

ಬೆಳಗಿನ ಐದೂವರೆ. ಚನ್ನರಾಯಪಟ್ಟಣದಿಂದ ನಾಲ್ಕು ಮೈಲಿ ಆಚೆ, ತೆಂಗಿನ ತೋಟವೊಂದರ ಶೆಡ್ಡಿನ ಮುಂದೆ ಲಕ್ಕಯ್ಯ ಕಾಯಿ ಸುಲಿಯುವ ಕೆಲಸ ಶುರು ಮಾಡಿದ್ದಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಹಾರೆಯ ಮೊನೆ ಅವರ ಸೊಂಟದತ್ತ ನೋಡುತ್ತಿದೆ. ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಮೊನೆಗೆ ಚುಚ್ಚುತ್ತಾರೆ, ತಿರುಚುತ್ತಾರೆ, ಎಳೆಯುತ್ತಾರೆ. ಹಾಗೆ ಮೂರು ಸಲ ಮಾಡುವಷ್ಟರಲ್ಲಿ ಮಟ್ಟೆ ಕಾಲ ಬಳಿ ಬಿದ್ದಿರುತ್ತದೆ, ಕಾಯಿ ರಾಶಿಗೆ ಹೋಗಿರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಸಾವಿರದ ಇನ್ನೂರು ಕಾಯಿ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಮೊನೆ ತಪ್ಪಿದರೆ ಕೈಯೇ ಹೋಗುತ್ತದೆ. ಹನ್ನೊಂದು ವರ್ಷದ ಹಿಂದೆ ಹಾಗೇ ಆಯಿತು. ಎಡಗೈಯ ಉಂಗುರದ ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆ ಕೈಯಲ್ಲೇ ಅವರು ವಾರಕ್ಕೊಮ್ಮೆ ಹಾಸನಕ್ಕೆ ಹೋಗಿ ಗಿಟಾರ್ ಕಲಿಯುತ್ತಿದ್ದಾರೆ. ಕಲಿಯುತ್ತಿರುವುದು ಸಿನಿಮಾ ಹಾಡಲ್ಲ, ಬ್ಲೂಸ್. ಅಮೆರಿಕದ ಹತ್ತಿ ಹೊಲಗಳಲ್ಲಿ ಬೆನ್ನು ಮುರಿದುಕೊಂಡ ಕರಿಯ ಜನ ಕಟ್ಟಿಕೊಂಡ ಸಂಗೀತ ಅದು.

ಈ ಹುಚ್ಚು ಹತ್ತಿದ್ದು ಗುಜರಿ ಅಂಗಡಿಯಲ್ಲಿ. ಹಳೇ ಹಾರೆ ಕೊಡಲು ಹೋದಾಗ ರದ್ದಿಯ ಮೇಲೆ ಇಂಗ್ಲಿಷಿನ ಪುಸ್ತಕವೊಂದು ಬಿದ್ದಿತ್ತು. ಬ್ಲೂಸ್ ಗಿಟಾರ್ ಕಲಿಸುವ ಪುಸ್ತಕ. ರಟ್ಟಿನ ಮೇಲೆ ಕುರ್ಚಿಯಲ್ಲಿ ಕೂತ ಮುದುಕ, ತೊಡೆಯ ಮೇಲೆ ಗಿಟಾರು. ಲಕ್ಕಯ್ಯ ಮುಖ ನೋಡಲಿಲ್ಲ, ಕೈ ನೋಡಿದರು. "ದಪ್ಪ ದಪ್ಪ ಬೆರಳು ಸಾ, ಗೆಣ್ಣೆಲ್ಲ ಊದ್ಕಂಡಿದ್ದೊ. ಇಂಥಾ ಕೈಲೂ ಇದ ನುಡಿಸ್ಬೌದಾ ಅನ್ನುಸ್ತು. ಅಷ್ಟೇ ಕಣಿ" ಎನ್ನುತ್ತಾರೆ.

ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲರು, ಅರ್ಥ ಗೊತ್ತಾಗದು. ಆದರೂ ಗಿಟಾರ್ ಕೊಳ್ಳುವ ಮುಂಚೆ ಎಂಟು ತಿಂಗಳು ಬರೀ ಪುಸ್ತಕ ಇಟ್ಟುಕೊಂಡು ಕಲಿತರು. ಒಂದು ಮಟ್ಟೆಯ ಚೂರಿನ ಮೇಲೆ ಆರು ಗೆರೆ ಎಳೆದು, ಚಿತ್ರದಲ್ಲಿ ಎಲ್ಲಿ ಚುಕ್ಕೆ ಇದೆಯೋ ಅಲ್ಲಿ ಬೆರಳಿಟ್ಟು ಒತ್ತುತ್ತಿದ್ದರು. ಸದ್ದಿಲ್ಲದ ಗಿಟಾರು. ಊರಿನವರು ನೋಡಿ ನಕ್ಕರು. ಆಮೇಲೆ ಹಾಸನದಿಂದ ಹಳೇ ಗಿಟಾರೊಂದು ಬಂದು ಅದಕ್ಕೆ ಸದ್ದು ಬಂದಾಗ, ಅದೇ ಜನ ಗಲಾಟೆ ಎಂದು ಬೈದರು. ಮದುವೆಗೆ ಎದೆಗೂಡು ಅದುರುವಂತೆ ಡಿಜೆ ಹಾಕಿಸುವ ಜನ ಇವರು. ಅವರ ಕಿವಿಗೆ ಲಕ್ಕಯ್ಯನವರ ಆರು ತಂತಿ ನೋವಾಯಿತಂತೆ!

ಹೆಂಡತಿ ಮಾದಮ್ಮ ಅದೇ ಶೆಡ್ಡಿನಲ್ಲಿ ಮಟ್ಟೆ ಒಟ್ಟುತ್ತಾರೆ, ಕಾಯಿ ಎಣಿಸಲು ಕೈಜೋಡಿಸುತ್ತಾರೆ. ಗಂಡ ತಂತಿ ಬಿಗಿ ಮಾಡುತ್ತಾ ಕೂತರೆ ಸುಮ್ಮನಿರುವವರಲ್ಲ. "ಅದ್ರ ಕಿವಿ ತಿರುವಾದ್ರಲ್ಲಿ ಅರ್ಧ ಒತ್ತು ನನ್ ಮಾತಿಗೆ ಕಿವಿ ಕೊಟ್ಟಿದ್ರೆ ನಮ್ಮನೆ ಚಾವಣಿ ಎಂದೋ ಸೋರಾದು ನಿಲ್ತಿತ್ತು" ಎಂದು ಬಂದವರ ಮುಂದೆಯೇ ಹೇಳುತ್ತಾರೆ. ಲಕ್ಕಯ್ಯ ಇನ್ನೊಂದು ಕಿವಿ ತಿರುವುತ್ತಾರೆ.

ಪುಸ್ತಕ ಒಂದು ಹಂತದವರೆಗೆ ಮಾತ್ರ ಕರೆದುಕೊಂಡು ಹೋಯಿತು. ಮುಂದಕ್ಕೆ ಮನುಷ್ಯರು ಬೇಕಾಯಿತು. ಹಾಸನದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಗಿಟಾರ್ ಹೇಳಿಕೊಡುವ ಪ್ರೇಮಕುಮಾರಿ ಅವರ ಬಾಗಿಲು ತಟ್ಟಿದರು. ಪರೀಕ್ಷೆಗೆ ಕೂರುವ ಶಾಲೆ ಮಕ್ಕಳಿಗೆ ಪಾಠ ಮಾಡುವ ಆಕೆಗೆ ಬ್ಲೂಸ್ ಅಷ್ಟಾಗಿ ಗೊತ್ತಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ಪುಸ್ತಕ ಬಿಟ್ಟುಹೋಗಿ, ನಾನು ಒಂದು ಪಾಠ ಮುಂದೆ ಓದಿಕೊಂಡಿರುತ್ತೇನೆ, ನೀವು ಹಿಂದೆ ಬನ್ನಿ ಎಂದರು. ಪುಸ್ತಕ ಬಿಟ್ಟುಹೋಗಲು ಲಕ್ಕಯ್ಯ ಒಪ್ಪಲಿಲ್ಲ. ಕೊನೆಗೆ ಅದನ್ನು ಜೆರಾಕ್ಸ್ ಮಾಡಿಸಿ ಒಂದು ಪ್ರತಿ ಮೇಡಂಗೆ ಕೊಟ್ಟರು.

ಪಾಠ ಶುರುವಾದ ಮೇಲೆ ಎರಡು ಸಂಗತಿ ಬೆಳಕಿಗೆ ಬಂದವು. ಒಂದು, ಬ್ಲೂಸಿನ ನಡೆ ಲಕ್ಕಯ್ಯನವರ ಮೈಯಲ್ಲೇ ಇತ್ತು. ಒಂದೊಂದು ಬಡಿತವನ್ನೂ ಮೂರಾಗಿ ಒಡೆದು ತೂಗಿಸಿಕೊಂಡು ಹೋಗುವ ನಡೆ ಅದು. ಶಾಲೆ ಮಕ್ಕಳಿಗೆ ಆರು ತಿಂಗಳಾದರೂ ಬಾರದ್ದು ಇವರಿಗೆ ಒಂದೇ ದಿನಕ್ಕೆ ಬಂತು. ಚುಚ್ಚು, ತಿರುಚು, ಎಳೆ. ಬೆರಳು ಮಡಚದಿದ್ದರೇನು, ಮೂರು ಬೆರಳಲ್ಲೇ ಸಾಗಿಸಿದರು.

ಎರಡನೆಯದು ತಲೆನೋವಿನ ಸಂಗತಿ. ಬ್ಲೂಸಿನಲ್ಲಿ ನಾಲ್ಕು ಬಡಿತಕ್ಕೆ ಒಂದು ಅಳತೆ. ಪುಸ್ತಕದಲ್ಲಿ ಒಂದೊಂದು ಅಳತೆಗೂ ಒಂದು ಚೌಕ ಬರೆದಿದ್ದಾರೆ. ಚೌಕಾಬಾರ ಆಡಿ ಬೆಳೆದ ಲಕ್ಕಯ್ಯ ಅದನ್ನು ಮನೆ ಎನ್ನುತ್ತಾರೆ. ಹನ್ನೆರಡು ಮನೆ ದಾಟಿದರೆ ಒಂದು ಸುತ್ತು, ತಕ್ಷಣ ಮತ್ತೆ ಒಂದನೇ ಮನೆ. ಲಕ್ಕಯ್ಯ ಮಾತ್ರ ಪ್ರತಿ ಸುತ್ತಿಗೂ ಹದಿಮೂರು ಮನೆ ನುಡಿಸುತ್ತಿದ್ದರು. ಒಬ್ಬರೇ ಕೂತಾಗ ಗೊತ್ತೇ ಆಗುತ್ತಿರಲಿಲ್ಲ. ಜೊತೆಗೆ ಇನ್ನೊಬ್ಬರು ನುಡಿಸಿದರೆ ಎರಡನೇ ಸುತ್ತಿಗೇ ಆಚೆ ಈಚೆ ಆಗಿ ಎಲ್ಲ ಕಲಸುಮೇಲೋಗರ.

ಮೇಡಂ ಬಾಯಲ್ಲಿ ಎಣಿಸಿದರು, ಕಾಲಲ್ಲಿ ತಟ್ಟಿದರು, ಕೊನೆಗೆ ಕೂಗಿದರು. ಐದು ತಿಂಗಳು ಕಳೆದರೂ ಹದಿಮೂರನೇ ಮನೆ ಹೋಗಲಿಲ್ಲ. ಜೊತೆಗೆ ಕಲಿಯುವ ಮನು, ವಿಮೆ ಆಫೀಸಿನ ಗುಮಾಸ್ತ, ಒಮ್ಮೆ ಕೈ ನಿಲ್ಲಿಸಿ ಕೇಳಿದ: "ಅಂಕಲ್, ನಾವೆಲ್ಲ ಬಸ್ ಹತ್ತಿದ ಮೇಲೆ ನೀವೊಬ್ರೇ ಅಲ್ಲಿ ಉಳ್ಕೊಂಡು ಏನ್ ಮಾಡ್ತೀರಾ?"

ಈ ತಿಂಗಳ ಕೊನೆಯಲ್ಲಿ ಪ್ರೇಮಕುಮಾರಿ ಅವರ ಶಿಷ್ಯರ ಕಾರ್ಯಕ್ರಮ ಇದೆ. ಲಕ್ಕಯ್ಯ, ಮನು ಜೋಡಿಯಾಗಿ ನುಡಿಸಬೇಕೆಂಬುದು ಮೇಡಂ ಆಸೆ. ಆದರೆ ಅವರು ಕಟ್ಟುನಿಟ್ಟಿನವರು. ಕಳೆದ ತಿಂಗಳು ಖಡಾಖಂಡಿತ ಹೇಳಿಬಿಟ್ಟರು: ಕಾರ್ಯಕ್ರಮಕ್ಕೆ ಎರಡು ವಾರ ಮುಂಚಿನ ಭಾನುವಾರ ಮನು ಜೊತೆ ತಪ್ಪದೆ ನುಡಿಸಿ ತೋರಿಸಬೇಕು, ಇಲ್ಲದಿದ್ದರೆ ಮನು ಬೇರೆಯವರ ಜೊತೆ ನುಡಿಸುತ್ತಾನೆ. ಲಕ್ಕಯ್ಯ ಮನೆಗೆ ಬಂದು ಊಟ ಮಾಡದೆ ಮಲಗಿದರು.

ಪುಸ್ತಕದಲ್ಲಿ ಇದಕ್ಕೆ ಮದ್ದಿರಲಿಲ್ಲ. ಮೇಡಂ ಬಳಿಯೂ ಇರಲಿಲ್ಲ. ರೋಗ ಏನೆಂದು ಕಂಡುಹಿಡಿದವರು ಮಾದಮ್ಮ. ಒಂದು ಮಧ್ಯಾಹ್ನ ಗಂಡ ಮಟ್ಟೆ ರಾಶಿಯ ಮೇಲೆ ಕೂತು ನುಡಿಸುತ್ತಿದ್ದಾಗ ಆಕೆ ಕೆಲಸ ನಿಲ್ಲಿಸಿ ಕಿವಿಗೊಟ್ಟು ಕೇಳಿದರು. ಬಳಿಕ ಹೇಳಿದರು: "ನೂರಾದ ಮ್ಯಾಕೆ ಒಂದ ಎತ್ತಿಡ್ತೀಯಲ್ಲ, ಅಂಗೇ ಇಲ್ಲೂ ಒಂದ ಎತ್ತಿಡ್ತಾ ಇದ್ದೀಯ ಕಣಯ್ಯ."

ಕಾಯಿ ಎಣಿಸುವುದನ್ನು ಕಂಡವರಿಗೆ ಇದು ಥಟ್ಟನೆ ತಿಳಿಯುತ್ತದೆ. ಕೈಗೆರಡರಂತೆ ಹಿಡಿದು ಒಂದು ಎಸೆತಕ್ಕೆ ನಾಲ್ಕು ಕಾಯಿ, ಇಪ್ಪತ್ತೈದು ಎಸೆತಕ್ಕೆ ನೂರು. ನೂರು ತುಂಬಿತು ಎಂಬ ಗುರುತಿಗೆ ಒಂದು ಕಾಯನ್ನು ಪಕ್ಕಕ್ಕೆ ಇಡಬೇಕು. ಇಟ್ಟ ಮೇಲೇ ಮತ್ತೆ ಒಂದರಿಂದ ಎಣಿಕೆ. ಇಪ್ಪತ್ತೊಂಬತ್ತು ವರ್ಷ ಹಾಗೆ ಇಟ್ಟ ಕೈ, ಸುತ್ತು ಮುಗಿದದ್ದೇ ಗಿಟಾರಿನ ಮೇಲೂ ಗುರುತಿನ ಕಾಯಿ ಇಡುತ್ತಿತ್ತು. ಹನ್ನೆರಡು ಎಣಿಸಲು ಬಾರದ ದಡ್ಡರಲ್ಲ ಲಕ್ಕಯ್ಯ. ಅವರ ಕೈ ಲೆಕ್ಕದಲ್ಲಿ ಅತಿ ನಿಯತ್ತಿನದಾಗಿತ್ತು, ಅಷ್ಟೆ.

ಅವತ್ತಿನಿಂದ ಶೆಡ್ಡಿನಲ್ಲಿ ಗುರುತಿನ ಕಾಯಿ ಇಡುವ ಕೆಲಸ ಮಾದಮ್ಮನವರದು. ಲಕ್ಕಯ್ಯ ಎಸೆಯುತ್ತಾ ಹೋಗುತ್ತಾರೆ, ನೂರಾದಾಗ ನಿಲ್ಲುವುದಿಲ್ಲ. ಮೊದಲ ವಾರ ಎಣಿಕೆ ಎರಡು ಸಲ ತಪ್ಪಿ ಇಡೀ ರಾಶಿ ಮತ್ತೆ ಎಣಿಸಬೇಕಾಯಿತು. ಇಬ್ಬರಿಗೂ ಜಗಳವಾಯಿತು. ಆದರೂ ಮಾದಮ್ಮ ಆ ಕೆಲಸ ವಾಪಸು ಕೊಡಲಿಲ್ಲ.

ಕಳೆದ ಭಾನುವಾರ, ಮೇಡಂ ಕೊಟ್ಟ ಗಡುವಿನ ದಿನ, ಪ್ರೇಮಕುಮಾರಿ ಅವರ ಮುಂದಿನ ಕೋಣೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಲಕ್ಕಯ್ಯ, ಎದುರಿಗೆ ಮನು, ಗೋಡೆಗೆ ಒರಗಿ ಮೇಡಂ. ಮೊದಲ ಸುತ್ತು ಹನ್ನೆರಡನೇ ಮನೆಗೆ ಬಂದಾಗ ಮೇಡಂ ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. ಲಕ್ಕಯ್ಯ ದಾಟಿಕೊಂಡು ನೆಟ್ಟಗೆ ಒಂದನೇ ಮನೆಗೆ ಬಂದರು. ಎರಡನೇ ಸುತ್ತು, ಮೂರನೇದು. ನಾಲ್ಕನೆಯದರಲ್ಲಿ ಮನು ಅವರತ್ತ ನೋಡಿ ನಗುತ್ತಿದ್ದ. ಐದನೆಯದರ ಕೊನೆಗೆ ಕೈ ಹಳೇ ಚಾಳಿಗೆ ಬಿತ್ತು. ಹದಿಮೂರನೇ ಮನೆ ಎದ್ದು ಕೇಳಿಸಿತು. ಲಕ್ಕಯ್ಯ ಗಿಟಾರನ್ನು ತೊಡೆಯಿಂದ ಇಳಿಸಿದರು.

ಮೇಡಂ ಕಾರ್ಯಕ್ರಮದ ಪಟ್ಟಿ ತೆಗೆದು ಲಕ್ಕಯ್ಯ, ಮನು ಎಂದು ಬರೆದು, ಮುಂದೆ ನಾಲ್ಕು ಸುತ್ತು ಎಂದು ಸೇರಿಸಿದರು. "ಐದನೇದಕ್ಕೆ ಕೈ ಹಾಕಿದ್ರೆ ಸ್ಟೇಜ್ ಮೇಲೇ ಬಂದು ಕಿತ್ಕೊಳ್ತೀನಿ" ಎಂದರು.

ಬಸ್‌ ನಿಲ್ದಾಣದ ಕಡೆ ನಡೆಯುವಾಗ, ನಾಲ್ಕೇ ಸುತ್ತು ಎಂದು ಬೇಸರವೇ ಎಂದು ಕೇಳಿದರೆ ಲಕ್ಕಯ್ಯ ಗಿಟಾರನ್ನು ಹೆಗಲಿಂದ ಹೆಗಲಿಗೆ ಬದಲಾಯಿಸಿಕೊಂಡರು.

"ಪುಸ್ತಕ ನನ್ನ ಕಾಯ್ತಿತ್ತು ಸಾ. ಎಷ್ಟೊತ್ತು ತಡ ಮಾಡುದ್ರೂ ಅದೇ ಪುಟದಾಗೇ ಕಾಯ್ತಿತ್ತು. ಮನುಸ್ರು ಕಾಯಕ್ಕಿಲ್ಲ. ಕಾಯ್ದೇ ಇರೋರ ಜತೇಲಿ ಇವತ್ತು ನಾಕು ಸುತ್ತು ಓಗಿ ಬಂದಿವ್ನಿ."