ಕಣಕ್ಕೆ ಬಂದ ಜೀಪು

ತರೀಕೆರೆ ಕಡೆಯ ನೀರಾವರಿ ಊರಿನಿಂದ ಕಡೂರಿನ ಬಯಲಿಗೆ ಸೊಸೆಯಾಗಿ ಬಂದವಳು ನಾನು. ಬಂದ ಮಾರನೆಯ ದಿನ ಅತ್ತೆ ನನ್ನನ್ನು ಅಡುಗೆಮನೆಗಿಂತ ಮೊದಲು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ತಮ್ಮ ಎಮ್ಮೆಯನ್ನು ಪರಿಚಯ ಮಾಡಿಸಿದರು. ಎಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿತು. ನನ್ನ ವಿಷಯದಲ್ಲಿ ಅತ್ತೆಗೂ ಎಮ್ಮೆಗೂ ಆಗ ಒಂದೇ ಅಭಿಪ್ರಾಯ. ಅದರ ಹಗ್ಗವನ್ನು ಮುಟ್ಟಲೂ ನನಗೆ ಅಪ್ಪಣೆ ಇರಲಿಲ್ಲ.

ಆ ಎಮ್ಮೆ ಮೇಯುತ್ತಿದ್ದದ್ದು ಹಿರೇನಲ್ಲೂರು ರಸ್ತೆಯ ಪಕ್ಕದ ಬೀಳು ಜಮೀನಿನಲ್ಲಿ. ಮಾಲೀಕರು ಎಂದೋ ಊರು ಬಿಟ್ಟಿದ್ದರು. ಉಳುವವರಿಲ್ಲದೆ ಹುಲ್ಲು ಬೆಳೆದು, ಊರ ದನವೆಲ್ಲ ಅಲ್ಲೇ ಮೇಯುತ್ತಿತ್ತು. ಎಂಬತ್ತರ ದಶಕದ ಒಂದು ಸುಗ್ಗಿಯ ಹೊತ್ತಿಗೆ ಸುದ್ದಿ ಬಂತು. ಕಡೂರಿನ ಕಾಯಿ ವ್ಯಾಪಾರದ ಸಾಹುಕಾರರೊಬ್ಬರು ಆ ಬೀಳನ್ನು ಕೊಂಡು, ಲೇಔಟ್ ಮಾಡಿ ಸೈಟು ಮಾರುತ್ತಾರಂತೆ! ನಮ್ಮ ಊರಿನ ಮನೆಗಳಿಗಿಂತ ಅವರ ಸೈಟುಗಳೇ ಹೆಚ್ಚಂತೆ.

"ಎಮ್ಮೆ ಎಲ್ಲಿ ಮೇಯ್ಬೇಕು?" ಎಂದರು ಅತ್ತೆ.

"ಮಾರ್ಬಿಟ್ರೆ ಆಯ್ತು ಬಿಡವ್ವ," ಎಂದರು ನಮ್ಮ ಯಜಮಾನರು.

"ಹಂಗಾದ್ರೆ ನನ್ನೂ ಅದರ ಜೊತೇಲೇ ಸಂತೆಗೆ ಹೊಡ್ಕೊಂಡೋಗು."

ಅಂದು ಅತ್ತೆ ಊಟ ಮಾಡಲಿಲ್ಲ. ಎಮ್ಮೆ ಮಾಡಿತು.

ಊರ ಗಂಡಸರು ಹೋರಾಟ ಸಮಿತಿ ಮಾಡಿದರು. ಮೊದಲ ಸಭೆಯಲ್ಲಿ ಅಧ್ಯಕ್ಷರು ಯಾರೆಂದು ಜಗಳವಾಯಿತು, ಎರಡನೆಯದರಲ್ಲಿ ಅದೇ ಜಗಳ ಮುಂದುವರಿಯಿತು. ಕೊನೆಗೆ ಎಲ್ಲರೂ ರಸ್ತೆಗಿಳಿದು ಕೈಯೆತ್ತಿ ಧಿಕ್ಕಾರ ಕೂಗಿದರು. ಕೈ ಎತ್ತಿದ್ದು ಕಂಡು ಕಡೂರಿನ ಬಸ್ಸು ನಿಂತಿತು. ನಿಂತ ಬಸ್ಸನ್ನು ಸುಮ್ಮನೆ ಯಾಕೆ ಬಿಡುವುದೆಂದು ಅರ್ಧ ಸಮಿತಿ ಹತ್ತಿಕೊಂಡು ಹೋಯಿತು.

"ಇವರನ್ನ ನಂಬ್ಕೊಂಡ್ರೆ ಆದಂಗೇ," ಎಂದು ಅತ್ತೆ ತಾವೇ ಉಪಾಯ ಹೇಳಿದರು. "ಬೀಳಲ್ಲಿ ಕಣ ಮಾಡ್ರೋ. ರಾಶಿ ಬಿದ್ದ ಕಣ ದಾಟಿ ಯಾವನು ಅಳತೆ ಸರಪಳಿ ಎಳೀತಾನೋ ನೋಡ್ತೀನಿ."

ನಮ್ಮೂರು ಕಣ ಮರೆತು ಎಷ್ಟೋ ವರ್ಷವಾಗಿತ್ತು. ರಾಗಿಹುಲ್ಲನ್ನು ಟಾರು ರಸ್ತೆಗೆ ಹರಡುವುದು, ಬಸ್ಸು ಲಾರಿಗಳು ತುಳಿದು ಕೊಡುವುದು, ಡ್ರೈವರುಗಳು ಬೈಯುವುದು, ಇಷ್ಟೇ ನಮ್ಮ ಒಕ್ಕಣೆ. ಈಗ ನೆಲ ಕೆತ್ತಿ, ಸಗಣಿ ಬಗ್ಗಡ ಬಳಿದು, ನಡುವೆ ಎತ್ತು ಸುತ್ತಲು ಮೇಟಿಕಂಬ ನೆಟ್ಟದ್ದಾಯಿತು. ಹುಲ್ಲಿನ ಮೇಲೆ ಉರುಳಿಸುವ ಗುಂಡುಕಲ್ಲು ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಎತ್ತುಗಳಿಗಂತೂ ಸುತ್ತುವುದೇ ಮರೆತುಹೋಗಿ, ಒಂದು ಪೂರ್ವಕ್ಕೆ ಎಳೆದರೆ ಇನ್ನೊಂದು ಮನೆಯ ಕಡೆಗೆ ಎಳೆಯುತ್ತಿತ್ತು. ಹೇಗೋ ಒಂದಿಷ್ಟು ಒಕ್ಕಿ ಸಣ್ಣದೊಂದು ರಾಶಿ ಬಿತ್ತು.

ಅಷ್ಟರಲ್ಲಿ ಸಾಹುಕಾರರ ಜೀಪು ಬಂತು. ಹಿಂದಿನ ಸೀಟಿನಲ್ಲಿ ಸರಪಳಿ, ಅದನ್ನು ಹಿಡಿಯುವ ಆಳುಗಳು.

"ಚಪ್ಪಲಿ ಬಿಡಿ ಸಾವ್ಕಾರ್ರೇ, ಕಣ ಇದು," ಎಂದರು ಅತ್ತೆ.

"ಯಾವಾಗ್ಲಿಂದ ಅವ್ವಾ?"

"ನಮ್ಮ ಮಾವನೋರ ತಾತನ ಕಾಲದಿಂದ."

ಕಣದ ಅಂಚಿನ ಬಗ್ಗಡ ಇನ್ನೂ ಹಸಿ. ಚಪ್ಪಲಿ ಬಿಟ್ಟು ಬಂದ ಸಾಹುಕಾರರ ಪಾದಕ್ಕೆ ಆ ತಾತನ ಕಾಲ ಮೆತ್ತಿಕೊಂಡಿತು. ಆದರೂ ದೈವಭಕ್ತ ಮನುಷ್ಯ. ರಾಶಿಗೆ ಕೈಮುಗಿದು, ಅಳತೆ ನಾಳೆ ನೋಡೋಣ ಎಂದು ಹೊರಟರು. ನಾವು ಗೆದ್ದೆವೆಂದು ಹಿಗ್ಗುತ್ತಿರುವಾಗಲೇ ಅತ್ತೆ ಓಡಿಹೋಗಿ ಒಂದು ಮೊರ ರಾಗಿಯನ್ನು ಅವರ ಟವೆಲ್ಲಿಗೆ ಸುರಿದುಬಿಟ್ಟರು. ಕಣಕ್ಕೆ ಬಂದವರನ್ನು ಬರಿಗೈಲಿ ಕಳಿಸಬಾರದಲ್ಲ!

ಮರುದಿನ ಜೀಪು ಮತ್ತೆ ಬಂತು, ರಾಶಿ ಕಂಡು ಅಳತೆ ಮತ್ತೆ ನಾಳೆಗೆ ಹೋಯಿತು. ಈ ಸಲ ಡ್ರೈವರ್ ಹೆಗಲಿಗೂ ಟವೆಲ್ಲು, ಆಳುಗಳ ಹೆಗಲಿಗೂ ಟವೆಲ್ಲು. ಅದರ ಮರುದಿನ ಸಾಹುಕಾರರ ಭಾವಮೈದ ಚೀಲವನ್ನೇ ತಂದ. ಇದು ಹೋರಾಟವೋ ಬೀಗರ ಔತಣವೋ ಎಂದು ನನಗೆ ತಲೆ ಕೆಟ್ಟುಹೋಯಿತು.

"ಕೊಡದಿದ್ರೆ ಕಣಕ್ಕೆ ಅಪಚಾರ, ಕೊಟ್ರೆ ರಾಶಿ ಕರಗಿಹೋಗುತ್ತೆ. ರಾಶಿ ಹೋದ್ಮೇಲೆ ಅಳತೆಗೆ ಅಡ್ಡ ಏನಿರುತ್ತೆ ಕಣೇ?" ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ಸಲ ಸಾಹುಕಾರರು ಟವೆಲ್ಲು ಒಡ್ಡಿದಾಗ ಅತ್ತೆ ಮೊರ ಹಿಡಿದುಕೊಂಡೇ ಕೇಳಿದರು, "ಕಣದಲ್ಲಿ ಕಾಳು ಇಸ್ಕೊಳ್ಳೋರು ಎರಡೇ ಥರ. ಬೇಡೋಕೆ ಬಂದೋರು, ಇಲ್ಲಾ ಆಯಗಾರ್ರು. ನೀವು ಯಾವುದು ಸಾವ್ಕಾರ್ರೇ?"

ಆಯಗಾರರೆಂದರೆ ಬಡಗಿ, ಕಮ್ಮಾರ, ಕುಂಬಾರ. ವರ್ಷವೆಲ್ಲ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದಲ್ಲೇ ತಮ್ಮ ಪಾಲಿನ ಆಯ ತೆಗೆದುಕೊಂಡು ಹೋಗುವವರು. ಬೇಡೋಕೆ ಬಂದೆ ಎನ್ನಲು ಯಾವ ಸಾಹುಕಾರರಿಗೆ ಬಾಯಿ ಬಂದೀತು?

"ಆಯ ಅಂತಲೇ ಇಟ್ಕೋ ಅವ್ವಾ," ಎಂದು ನಕ್ಕರು.

"ಹಂಗಾದ್ರೆ ಊರ ಕೆಲಸ ಮಾಡ್ಬೇಕಲ್ಲ. ಎತ್ತು ಸುತ್ತಾಕಿಲ್ಲ ಅಂತಾವೆ. ನಿಮ್ಮ ಜೀಪು ಸುತ್ತುತ್ತೋ?"

ತಮಾಷೆಗೆಂದು ಸಾಹುಕಾರರೇ ಸ್ಟೇರಿಂಗ್ ಹಿಡಿದರು. ಚಪ್ಪಲಿ ಬಿಡಿಸಿದ ಅತ್ತೆ ಟೈರುಗಳಿಗೆ ಏನೂ ಅನ್ನಲಿಲ್ಲ. ಜೀಪು ಮೇಟಿಯನ್ನು ಸುತ್ತಿತು, ಹೆಂಗಸರು ಚಪ್ಪಾಳೆ ತಟ್ಟಿದರು, ಸಾಹುಕಾರರು ಹಾರ್ನ್ ಹೊಡೆದರು. ಹುಲ್ಲು ಮುಗಿದರೂ ಇಳಿಯಲೊಲ್ಲರು. ಆಮೇಲೆ ಜೀಪು ನಮ್ಮದೇ ಆಗಿಹೋಯಿತು. ಬಸುರಿಯನ್ನು ಕಡೂರಿನ ಆಸ್ಪತ್ರೆಗೆ ಒಯ್ದಿತು, ಕಮ್ಮಾರನ ಕುಲುಮೆಗೆ ಹೋಗಬೇಕಾದ ನೇಗಿಲ ಗುಳ ಹೊತ್ತಿತು, ಅಜ್ಜಂಪುರದ ಬೀಗರನ್ನು ಕರೆತಂದಿತು. ಅಳತೆ ಸರಪಳಿಯನ್ನು ಯಾರೋ ಹೋರಿ ಕಟ್ಟಲು ಇಸ್ಕೊಂಡರು.

ಸುಗ್ಗಿ ಮುಗಿಯಿತು. ಲೇಔಟ್ ಏನಾಯಿತೆಂದು ಸಾಹುಕಾರರು ಹೇಳಲಿಲ್ಲ, ಕೇಳಲು ನಮಗೆ ಧೈರ್ಯವಿರಲಿಲ್ಲ. ವರ್ಷವಿಡೀ ಅತ್ತೆ ಎಮ್ಮೆಯನ್ನು ಬೀಳಿಗೆ ಹೊಡೆದುಕೊಂಡು ಹೋಗುವಾಗ ಒಂದು ಕಣ್ಣು ರಸ್ತೆಯ ಮೇಲೆಯೇ.

ಮರುವರ್ಷ ಕಣಕ್ಕೆ ಹುಲ್ಲು ಬೀಳುತ್ತಿದ್ದಂತೆ ಆ ಜೀಪು ಕಂಡಿತು. ಅತ್ತೆ ಎಮ್ಮೆಯ ಹಗ್ಗವನ್ನು ಎದೆಗವಚಿಕೊಂಡು ನಿಂತರು. ಸಾಹುಕಾರರು ದೂರದಲ್ಲೇ ಇಳಿದು, ಯಾರೂ ಹೇಳದೆ ಚಪ್ಪಲಿ ಬಿಟ್ಟರು. ಹಿಂದಿನ ಸೀಟಿನಲ್ಲಿ ಸರಪಳಿ ಇರಲಿಲ್ಲ, ಆಳುಗಳೂ ಇರಲಿಲ್ಲ. ಹೆಗಲ ಮೇಲೆ ಟವೆಲ್ಲು ಮಾತ್ರ ಇತ್ತು.

"ಯಾವ ಕಡೆಯಿಂದ ಸುತ್ತು ಹಾಕ್ಲಿ ಅವ್ವಾ?" ಎಂದರು.

ಅತ್ತೆ ಕೈಯಲ್ಲಿದ್ದ ಹಗ್ಗವನ್ನು ನನ್ನ ಕೈಗೆ ತುರುಕಿ, ದೊಡ್ಡ ಮೊರ ತರಲು ಮನೆಗೆ ಓಡಿದರು. ಎಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿತು. ಮುಖ ತಿರುಗಿಸಲಿಲ್ಲ.